ಇ-ಕ್ಯಾಲಿಸ್ಟೋ ದತ್ತಾಂಶ ಸೇವೆ: ಸೂರ್ಯನ ಕರೋನಾ ದಾಟಿ ಬಂದ ರೇಡಿಯೊ ತರಂಗಗಳನ್ನು ಓದುವವರಿಗಾಗಿ ಒಂದು ವಿಮರ್ಶೆ

ಸ್ವಂತ ಆಂಟೆನಾ ಇಲ್ಲದೆಯೂ ಸೂರ್ಯನ ರೇಡಿಯೊ ಸ್ಫೋಟಗಳನ್ನು ಗಂಭೀರವಾಗಿ ಅಭ್ಯಾಸ ಮಾಡಬಯಸುವವರಿಗೆ ಈಗ ದೊರೆಯುತ್ತಿರುವ ಮುಕ್ತ ಸೇವೆಗಳಲ್ಲಿ, ಹಲವು ದೇಶಗಳ ಕ್ಯಾಲಿಸ್ಟೋ ರೇಡಿಯೊ ನಿಲ್ದಾಣಗಳನ್ನು ಜೋಡಿಸುವ ಇ-ಕ್ಯಾಲಿಸ್ಟೋ ಜಾಲದ ದತ್ತಾಂಶ ಭಂಡಾರ ಬಹಳ ಉದಾರವಾದದ್ದು. ಹಣ ಕೊಡಬೇಕಾಗಿಲ್ಲ, ಹೆಸರು ನೋಂದಾಯಿಸಬೇಕಾಗಿಲ್ಲ, ಯಾರ ಅನುಮತಿಗೂ ಕಾಯಬೇಕಾಗಿಲ್ಲ. ಆದರೆ ಇಂಥ ಸೇವೆಯನ್ನು ಬಳಕೆಯ ಸುಲಭತೆಯೊಂದರಿಂದಲೇ ಅಳೆದರೆ ಸಾಲದು ಎಂದು ನನಗೆ ಅನ್ನಿಸುತ್ತದೆ. ಸೂರ್ಯನ ಹೊರ ವಾತಾವರಣವಾದ ಕರೋನಾದ ಪ್ಲಾಸ್ಮಾದೊಳಗೆ (ವಿದ್ಯುದಾವಿಷ್ಟ ಕಣಗಳ ಅನಿಲದೊಳಗೆ) ಹುಟ್ಟಿದ ರೇಡಿಯೊ ತರಂಗ ಅಲ್ಲಿಂದ ಹೊರಬರುವಾಗ ಬಾಗುತ್ತದೆ, ತಡವಾಗುತ್ತದೆ, ಚದುರುತ್ತದೆ, ಅದರ ಒಂದಿಷ್ಟು ಭಾಗ ದಾರಿಯಲ್ಲೇ ಹೀರಿಹೋಗುತ್ತದೆ. ಈ ಪಯಣದ ಎಷ್ಟು ಭಾಗವನ್ನು ಈ ಸೇವೆಯ ಕಡತಗಳಲ್ಲಿ ಓದಬಹುದು, ಎಷ್ಟನ್ನು ಓದಲಾಗದು ಎಂಬುದೇ ಈ ವಿಮರ್ಶೆಯ ಪ್ರಶ್ನೆ.

ಕ್ಯಾಲಿಸ್ಟೋ ಎಂಬುದು ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯಲ್ಲಿ ಕ್ರಿಶ್ಚಿಯನ್ ಮೊನ್‌ಸ್ಟೈನ್ ಅವರು ರೂಪಿಸಿದ, ಕಡಿಮೆ ಖರ್ಚಿನಲ್ಲಿ ಕಟ್ಟಬಹುದಾದ ರೇಡಿಯೊ ರೋಹಿತಮಾಪಕ. 45ರಿಂದ 870 ಮೆಗಾಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಅದು ಒಂದಾದ ಮೇಲೊಂದರಂತೆ ಅಳೆಯುತ್ತ ಹೋಗುತ್ತದೆ. 2007ರ ಅಂತರರಾಷ್ಟ್ರೀಯ ಸೌರಭೌತ ವರ್ಷದ ಆಸುಪಾಸಿನಲ್ಲಿ ಈ ಉಪಕರಣ ಹಲವು ದೇಶಗಳಿಗೆ ಹರಡಿತು. ಇಂದು ಅಲಾಸ್ಕಾ, ಐರ್ಲೆಂಡ್‌ನ ಬರ್, ಸ್ವಿಟ್ಜರ್ಲೆಂಡ್, ಕಝಾಕಸ್ತಾನದ ಅಲ್ಮಾಟಿ, ಗೌರಿಬಿದನೂರು, ಊಟಿ, ಆಸ್ಟ್ರೇಲಿಯಾ ಹೀಗೆ ನಾನಾ ರೇಖಾಂಶಗಳಲ್ಲಿ ನಿಲ್ದಾಣಗಳಿರುವುದರಿಂದ ಸೂರ್ಯ ಯಾವುದಾದರೊಂದು ಆಂಟೆನಾಕ್ಕೆ ಸದಾ ಕಾಣುತ್ತಲೇ ಇರುತ್ತಾನೆ. ಸಂಜೆ ಸೂರ್ಯ ಮುಳುಗಿದಾಗ ಮುಗಿದುಹೋಗುವ ಒಂಟಿ ವೀಕ್ಷಣಾಲಯಕ್ಕೂ ಈ ಜಾಲಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು; ಗಂಟೆಗಟ್ಟಲೆ ಮುಂದುವರಿಯುವ ಶಬ್ದ ಬಿರುಗಾಳಿಗಳನ್ನು (ಸೂರ್ಯನಿಂದ ಬರುವ ರೇಡಿಯೊ ಗದ್ದಲವನ್ನು) ಅಭ್ಯಾಸ ಮಾಡುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಿರುತ್ತದೆ.

ಒಂದು ಕಡತವನ್ನು ಬಿಡಿಸಿ ನೋಡೋಣ. ಕಡತದ ಹೆಸರಿನಲ್ಲಿಯೇ ನಿಲ್ದಾಣ, ದಿನಾಂಕ, ಸಾರ್ವತ್ರಿಕ ಕಾಲದಲ್ಲಿ ಆರಂಭದ ಸಮಯ ಮತ್ತು ರಿಸೀವರನ್ನು ಗುರುತಿಸುವ ಸಂಖ್ಯೆ ಇರುತ್ತವೆ. ಒಳಗೆ ಹದಿನೈದು ನಿಮಿಷದ ದಾಖಲೆ, ಖಗೋಳ ದತ್ತಾಂಶಕ್ಕೆ ಬಳಸುವ ಫಿಟ್ಸ್ ಎಂಬ ಕಡತ ರೂಪದಲ್ಲಿರುತ್ತದೆ: ಸಾಮಾನ್ಯವಾಗಿ ಅಡ್ಡಕ್ಕೆ 3600 ಕಾಲಬಿಂದುಗಳು, ಲಂಬಕ್ಕೆ 200 ಆವೃತ್ತಿಗಳು. ಅಂದರೆ ಸೆಕೆಂಡಿಗೆ ನಾಲ್ಕು ಬಾರಿ ಇಡೀ ಪಟ್ಟಿಯನ್ನು ಗುಡಿಸಿ ನೋಡಲಾಗಿದೆ. ಪ್ರತಿ ಬಿಂದುವಿನ ಬೆಲೆ 0ರಿಂದ 255ರೊಳಗಿನ ಒಂದು ಸಂಖ್ಯೆ. ಲಾಗರಿದಮಿಕ್ ಡಿಟೆಕ್ಟರ್ ಬಳಸಿರುವುದರಿಂದ ಒಂದೊಂದು ಮೆಟ್ಟಿಲೂ ಸುಮಾರು 0.39 ಡೆಸಿಬೆಲ್‌ಗೆ ಸಮ. ಹೊಸಬರು ಗಮನಿಸಬೇಕಾದ ಒಂದು ಸೂಕ್ಷ್ಮ ಇಲ್ಲಿದೆ. ಆವೃತ್ತಿಗಳು ಸಮಾನ ಅಂತರದಲ್ಲಿಯೇ ಇರಬೇಕೆಂದಿಲ್ಲ. ಸ್ಥಳೀಯ ಪ್ರಸಾರ ಕೇಂದ್ರಗಳ ಗದ್ದಲವನ್ನು ತಪ್ಪಿಸಲು ನಿಲ್ದಾಣದವರು ತಮಗೆ ಬೇಕಾದ ಆವೃತ್ತಿಗಳನ್ನು ಆಯ್ದುಕೊಂಡಿರಬಹುದಾದ್ದರಿಂದ, ಕಡತದ ಎರಡನೆಯ ಭಾಗದಲ್ಲಿರುವ ಕೋಷ್ಟಕದಿಂದಲೇ ನಿಜವಾದ ಆವೃತ್ತಿಗಳನ್ನು ತೆಗೆದುಕೊಳ್ಳಬೇಕು. ಆ ಬಳಿಕ ಪ್ರತಿ ಆವೃತ್ತಿಯ ಸಾಲಿನಿಂದ ಅದರದೇ ಮಧ್ಯಾಂಕವನ್ನು ಕಳೆದರೆ ಸದಾ ಇರುವ ಹಿನ್ನೆಲೆ ಮಾಯವಾಗಿ ಸ್ಫೋಟಗಳು ಎದ್ದು ಕಾಣುತ್ತವೆ. ಕಳೆಯುವ ಮೊದಲು ಮಬ್ಬು ಪಟ್ಟೆಗಳಷ್ಟೇ ಇದ್ದ ಜಾಗದಲ್ಲಿ, ಮೇಲಿನಿಂದ ಕೆಳಗೆ ಸರ್ರನೆ ಇಳಿಯುವ ಒಂದು ಗೆರೆ ತೆರೆದುಕೊಳ್ಳುವುದನ್ನು ನೋಡುವಾಗ ಆಗುವ ಸಂತೋಷ ನನಗೆ ಇಂದಿಗೂ ಕಡಿಮೆಯಾಗಿಲ್ಲ.

ಆ ಗೆರೆ ಏಕೆ ಇಳಿಯುತ್ತದೆ? ಪ್ಲಾಸ್ಮಾದಲ್ಲಿನ ಎಲೆಕ್ಟ್ರಾನ್‌ಗಳಿಗೆ ತಮ್ಮದೇ ಆದ ಒಂದು ಸಹಜ ಕಂಪನವಿದೆ. ಅದರ ಆವೃತ್ತಿಯನ್ನು ನಿರ್ಧರಿಸುವುದು ಎಲೆಕ್ಟ್ರಾನ್ ಸಾಂದ್ರತೆಯೊಂದೇ. ಘನ ಸೆಂಟಿಮೀಟರಿಗೆ ಇರುವ ಎಲೆಕ್ಟ್ರಾನ್‌ಗಳ ಸಂಖ್ಯೆಯ ವರ್ಗಮೂಲವನ್ನು 8.98 ಕಿಲೋಹರ್ಟ್ಸ್‌ನಿಂದ ಗುಣಿಸಿದರೆ ಈ ಪ್ಲಾಸ್ಮಾ ಆವೃತ್ತಿ ದೊರೆಯುತ್ತದೆ. ಹತ್ತು ಕೋಟಿ ಎಲೆಕ್ಟ್ರಾನ್‌ಗಳಿರುವಲ್ಲಿ ಅದು ಸುಮಾರು 90 ಮೆಗಾಹರ್ಟ್ಸ್. ಹತ್ತು ಲಕ್ಷ ಇರುವಲ್ಲಿ ಸುಮಾರು 9 ಮೆಗಾಹರ್ಟ್ಸ್. ಸೂರ್ಯನಿಂದ ದೂರ ಹೋದಂತೆ ಕರೋನಾ ತೆಳುವಾಗುತ್ತದೆ, ಪ್ಲಾಸ್ಮಾ ಆವೃತ್ತಿಯೂ ಇಳಿಯುತ್ತದೆ. ಸೌರ ಜ್ವಾಲೆಯೊಂದು ಹೊರಚಿಮ್ಮಿದ ಎಲೆಕ್ಟ್ರಾನ್‌ಗಳ ಪುಂಜ ಮೇಲಕ್ಕೆ ಧಾವಿಸುವಾಗ ದಾರಿಯುದ್ದಕ್ಕೂ ಪ್ಲಾಸ್ಮಾ ಕಂಪನಗಳನ್ನು ಎಬ್ಬಿಸುತ್ತ ಹೋಗುತ್ತದೆ. ಆ ಕಂಪನಗಳ ಒಂದು ಅಂಶ ಅದೇ ಆವೃತ್ತಿಯ, ಇಲ್ಲವೇ ಅದರ ಇಮ್ಮಡಿಯ ರೇಡಿಯೊ ತರಂಗವಾಗಿ ಮಾರ್ಪಡುತ್ತದೆ. ಈ ಪ್ರಕ್ರಿಯೆಯ ಸಿದ್ಧಾಂತವನ್ನು ಗಿಂಜ್‌ಬರ್ಗ್ ಮತ್ತು ಝೆಲೆಜ್ನ್ಯಕೋವ್ 1958ರಲ್ಲಿ ಮಂಡಿಸಿದರು. ಸ್ಫೋಟಗಳನ್ನು ಮೊದಲ ಮೂರು ಬಗೆಗಳಾಗಿ ವಿಂಗಡಿಸುವ ಕೆಲಸ ಅದಕ್ಕೂ ಮೊದಲೇ, 1950ರಲ್ಲಿ, ಆಸ್ಟ್ರೇಲಿಯಾದಲ್ಲಿ ವೈಲ್ಡ್ ಮತ್ತು ಮೆಕ್ರೆಡಿ ಅವರಿಂದ ಆಗಿತ್ತು. ಸರ್ರನೆ ಇಳಿಯುವುದು ಟೈಪ್ 3. ಆಘಾತ ತರಂಗದಿಂದ ಹುಟ್ಟಿ ನಿಮಿಷಗಟ್ಟಲೆ ನಿಧಾನವಾಗಿ ಇಳಿಯುವುದು ಟೈಪ್ 2. ಕ್ಯಾಲಿಸ್ಟೋ ಕಡತದಲ್ಲಿ ಇವೆರಡನ್ನೂ ಕಣ್ಣಳತೆಯಲ್ಲೇ ಬೇರ್ಪಡಿಸಬಹುದು.

ಹಾಗಾದರೆ ಆವೃತ್ತಿಯ ಅಕ್ಷವನ್ನು ಎತ್ತರದ ಅಕ್ಷವೆಂದು ನೇರವಾಗಿ ಓದಬಹುದಲ್ಲವೇ? ಈ ಸೇವೆಯನ್ನು ಬಳಸುವ ಬಹುಪಾಲು ಜನ ಮಾಡುವುದು ಅದನ್ನೇ, ಮತ್ತು ಎಚ್ಚರ ಬೇಕಾದದ್ದು ಅಲ್ಲಿಯೇ. ಒಂದು ಟೈಪ್ 3 ಗೆರೆ 80 ಮೆಗಾಹರ್ಟ್ಸ್‌ನಿಂದ 45 ಮೆಗಾಹರ್ಟ್ಸ್‌ಗೆ ಎರಡು ಸೆಕೆಂಡಿನಲ್ಲಿ, ಅಂದರೆ ಕಡತದ ಎಂಟು ಕಾಲಬಿಂದುಗಳಲ್ಲಿ ಇಳಿಯಿತು ಎಂದಿಟ್ಟುಕೊಳ್ಳೋಣ. ನ್ಯೂಕರ್ಕ್ 1961ರಲ್ಲಿ ಕೊಟ್ಟ ಸಾಂದ್ರತೆಯ ಸೂತ್ರವನ್ನು ಬಳಸಿದರೆ 80 ಮೆಗಾಹರ್ಟ್ಸ್‌ನ ಪದರ ಸೂರ್ಯನ ಕೇಂದ್ರದಿಂದ 1.32 ಸೌರ ತ್ರಿಜ್ಯದಲ್ಲೂ 45ರ ಪದರ 1.56ರಲ್ಲೂ ಬರುತ್ತದೆ. ನಡುವಿನ ಅಂತರ ಸುಮಾರು 1,66,000 ಕಿ.ಮೀ.; ಎಂದರೆ ವೇಗ ಬೆಳಕಿನ ವೇಗದ ಶೇ. 28ರಷ್ಟು. ಈಗ ಅದೇ ಗೆರೆಯನ್ನು ಮೂಲ ಆವೃತ್ತಿಯದಲ್ಲ (ಅಂದರೆ ಪ್ಲಾಸ್ಮಾ ಆವೃತ್ತಿಯದಲ್ಲ), ಇಮ್ಮಡಿಯದು ಎಂದು ಭಾವಿಸಿ. ಆಗ ತರಂಗಗಳು ಹುಟ್ಟಿದ್ದು 40 ಮತ್ತು 22.5 ಮೆಗಾಹರ್ಟ್ಸ್‌ನ ಪದರಗಳಲ್ಲಿ, ಅಂದರೆ 1.62 ಮತ್ತು 1.99 ಸೌರ ತ್ರಿಜ್ಯಗಳಲ್ಲಿ, ವೇಗ ಶೇ. 43ಕ್ಕೆ ಏರುತ್ತದೆ. ಪುಂಜ ನಮ್ಮ ಕಡೆಗೇ ಬರುತ್ತಿದ್ದರೆ ಮುಂದಿನ ಪ್ರತಿ ತರಂಗವೂ ಹಿಂದಿನದಕ್ಕಿಂತ ಕಡಿಮೆ ದೂರ ಕ್ರಮಿಸಬೇಕಾಗುವುದರಿಂದ ಇಳಿತ ಇನ್ನಷ್ಟು ಚುರುಕಾಗಿ ತೋರುತ್ತದೆ. ಅದನ್ನು ಸರಿಪಡಿಸಿದರೆ ಮೇಲಿನ ಎರಡು ಬೆಲೆಗಳು ಕ್ರಮವಾಗಿ ಶೇ. 22 ಮತ್ತು ಶೇ. 30ಕ್ಕೆ ಇಳಿಯುತ್ತವೆ. ಇದರ ಜೊತೆಗೆ, ಬಲವಾದ ಕಾಂತಕ್ಷೇತ್ರವಿರುವ ಸಕ್ರಿಯ ಪ್ರದೇಶಗಳ ಮೇಲೆ ಸಾಂದ್ರತೆ ಸೂತ್ರ ಹೇಳುವುದಕ್ಕಿಂತ ಹೆಚ್ಚಿರುತ್ತದೆ ಎಂಬ ಕಾರಣಕ್ಕೆ ಅದನ್ನು ಎರಡರಿಂದ ನಾಲ್ಕು ಪಟ್ಟು ಹೆಚ್ಚಿಸಿ ಲೆಕ್ಕ ಹಾಕುವ ರೂಢಿಯೂ ಇದೆ. ಒಂದೇ ಗೆರೆ, ಒಂದೇ ಕಡತ, ಆದರೆ ಊಹೆಗೆ ತಕ್ಕಂತೆ ಬೇರೆ ಬೇರೆ ಉತ್ತರ. ಗೆರೆಯ ಇಳಿಜಾರನ್ನು ಸೇವೆ ಪ್ರಾಮಾಣಿಕವಾಗಿ ಕೊಡುತ್ತದೆ. ಅದನ್ನು ವೇಗವಾಗಿ ಮಾರ್ಪಡಿಸುವ ಹೊಣೆ ಸಂಪೂರ್ಣವಾಗಿ ಓದುವವನದು.

ಇಷ್ಟು ಹುಟ್ಟಿನ ಮಾತಾಯಿತು. ಹುಟ್ಟಿದ ತರಂಗ ಹೊರಬರುವ ಕಥೆ ಇನ್ನೂ ಸ್ವಾರಸ್ಯಕರ, ಮತ್ತು ನನಗೆ ಅತ್ಯಂತ ಪ್ರಿಯವಾದ ಭಾಗವೂ ಅದೇ. ಪ್ಲಾಸ್ಮಾದ ವಕ್ರೀಭವನ ಸೂಚ್ಯಂಕ ಒಂದಕ್ಕಿಂತ ಕಡಿಮೆ. ತರಂಗದ ಆವೃತ್ತಿ ಸ್ಥಳೀಯ ಪ್ಲಾಸ್ಮಾ ಆವೃತ್ತಿಗೆ ಸಮೀಪಿಸಿದಂತೆ ಅದು ಸೊನ್ನೆಯತ್ತ ಇಳಿಯುತ್ತದೆ; ಅದಕ್ಕಿಂತ ದಟ್ಟವಾದ ಪದರದೊಳಗೆ ತರಂಗ ಹೋಗಲಾರದೆ ಮರಳುತ್ತದೆ. ಶಕ್ತಿ ಸಾಗುವ ಗುಂಪು ವೇಗ ಬೆಳಕಿನ ವೇಗವನ್ನು ಈ ಸೂಚ್ಯಂಕದಿಂದ ಗುಣಿಸಿದಷ್ಟು. ಪ್ಲಾಸ್ಮಾ ಆವೃತ್ತಿಗಿಂತ ಶೇ. 5ರಷ್ಟು ಮಾತ್ರ ಮೇಲಿರುವ ತರಂಗಕ್ಕೆ ಸೂಚ್ಯಂಕ ಸುಮಾರು 0.3, ಅದು ತನ್ನ ಹುಟ್ಟಿದ ಜಾಗದಿಂದ ಬೆಳಕಿನ ವೇಗದ ಮೂರನೆಯ ಒಂದು ಪಾಲಿಗಿಂತಲೂ ನಿಧಾನವಾಗಿ ಹೊರಡುತ್ತದೆ. ಇಮ್ಮಡಿ ಆವೃತ್ತಿಯ ತರಂಗಕ್ಕೆ ಸೂಚ್ಯಂಕ 0.87, ಅದಕ್ಕೆ ಅಂಥ ತಡೆಯಿಲ್ಲ. ಹೀಗಾಗಿ ಒಂದೇ ಕ್ಷಣದಲ್ಲಿ, ಒಂದೇ ಜಾಗದಲ್ಲಿ ಹುಟ್ಟಿದ ಮೂಲ ಮತ್ತು ಇಮ್ಮಡಿ ತರಂಗಗಳು ಆಂಟೆನಾಕ್ಕೆ ಒಟ್ಟಿಗೆ ಬರುವುದಿಲ್ಲ. ಮೂಲದ್ದು ಹಿಂದೆ ಬೀಳುತ್ತದೆ. ಎರಡೂ ಗೆರೆಗಳು ಬೇರೆಯಾಗಿ ಕಾಣುವ ಸ್ಪಷ್ಟ ಸ್ಫೋಟ ಸಿಕ್ಕಿದಾಗ ಕಾಲು ಸೆಕೆಂಡಿನ ಅಳತೆಯಲ್ಲಿ ಈ ಹಿಂದುಳಿಕೆಯನ್ನು ಹುಡುಕಲು ಸಾಧ್ಯವಿದೆ. ಆದರೆ ಇಂಥ ಪ್ರಯತ್ನಕ್ಕೆ ಒಂದೇ ನಿಲ್ದಾಣದ ಒಂದೇ ಕಡತವನ್ನು ಬಳಸಬೇಕು. ನಿಲ್ದಾಣಗಳನ್ನು ಬೇರೆ ಬೇರೆ ಸಂಸ್ಥೆಗಳೂ ಹವ್ಯಾಸಿಗಳೂ ನಡೆಸುವುದರಿಂದ ಎಲ್ಲ ಗಡಿಯಾರಗಳೂ ಒಂದೇ ನಿಖರತೆಯಲ್ಲಿವೆ ಎಂದು ನಂಬಿ ಎರಡು ನಿಲ್ದಾಣಗಳ ಸಮಯವನ್ನು ಸೆಕೆಂಡಿನ ಭಾಗಗಳಲ್ಲಿ ಹೋಲಿಸುವುದು ಸರಿಯಲ್ಲ.

ಬಾಗುವಿಕೆಯ ವಿಷಯಕ್ಕೆ ಬಂದರೆ, ಹೊರಗೆ ಹೊರಟ ತರಂಗ ಪ್ರತಿ ಹೆಜ್ಜೆಗೂ ತೆಳುವಾದ ಪ್ಲಾಸ್ಮಾಕ್ಕೆ, ಅಂದರೆ ಹೆಚ್ಚಿನ ಸೂಚ್ಯಂಕದ ಪದರಕ್ಕೆ ಕಾಲಿಡುತ್ತದೆ. ಆದ್ದರಿಂದ ಅದರ ದಿಕ್ಕು ಲಂಬದತ್ತ ತಿರುಗುತ್ತ ಹೋಗುತ್ತದೆ. ಕರೋನಾ ನುಣುಪಾದ ಸಮತಲ ಪದರಗಳಿಂದಾಗಿದೆ ಎಂದು ಭಾವಿಸಿದರೆ ಮೇಲೆ ಹೇಳಿದ 0.3ರ ಸೂಚ್ಯಂಕದಲ್ಲಿ ಹುಟ್ಟಿದ ಮೂಲ ತರಂಗ ಲಂಬದಿಂದ ಸುಮಾರು 18 ಡಿಗ್ರಿಯೊಳಗಿನ ಕಿರಿದಾದ ಶಂಕುವಿನಲ್ಲಿ ಮಾತ್ರ ಹೊರಬರಬೇಕು. ಇಮ್ಮಡಿ ತರಂಗ 60 ಡಿಗ್ರಿಯವರೆಗೆ ಹರಡಬಹುದು. ಈ ಲೆಕ್ಕದಂತೆ ಸೂರ್ಯಬಿಂಬದ ಅಂಚಿನಲ್ಲಾದ ಸ್ಫೋಟದ ಮೂಲ ತರಂಗ ಭೂಮಿಗೆ ತಲುಪಲೇಬಾರದು. ವಾಸ್ತವದಲ್ಲಿ ತಲುಪುತ್ತದೆ. ಸ್ಫೋಟಗಳ ಪಟ್ಟಿಯನ್ನೂ ಅದೇ ಹೊತ್ತಿನ ಜ್ವಾಲೆಗಳ ಸ್ಥಾನವನ್ನೂ ಪಕ್ಕಪಕ್ಕದಲ್ಲಿಟ್ಟು ಈ ಸಂಗತಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು ಎಂಬುದು ಈ ಭಂಡಾರದ ದೊಡ್ಡ ಗುಣ.

ಅಂಚಿನ ಸ್ಫೋಟ ನಮಗೆ ತಲುಪುವುದಕ್ಕೆ ಕಾರಣ ಚದುರಿಕೆ. ಕರೋನಾ ನುಣುಪಾದ ಪದರಗಳ ಜೋಡಣೆಯಲ್ಲ. ಅದರ ಸಾಂದ್ರತೆ ಎಲ್ಲೆಡೆ ಸಣ್ಣಸಣ್ಣ ಅಳತೆಯಲ್ಲಿ ಏರಿಳಿಯುತ್ತಿರುತ್ತದೆ, ಮತ್ತು ಈ ಏರಿಳಿತಗಳು ಕಾಂತಕ್ಷೇತ್ರದ ಗೆರೆಗಳ ಉದ್ದಕ್ಕೆ ಎಳೆದುಕೊಂಡಿರುತ್ತವೆ. ಪ್ಲಾಸ್ಮಾ ಆವೃತ್ತಿಯ ಸಮೀಪದಲ್ಲಿ ಸೂಚ್ಯಂಕ ಸೊನ್ನೆಗೆ ಹತ್ತಿರವಿರುವುದರಿಂದ ಸಾಂದ್ರತೆಯ ಅತಿ ಚಿಕ್ಕ ವ್ಯತ್ಯಾಸವೂ ತರಂಗದ ದಿಕ್ಕನ್ನು ಗಮನಾರ್ಹವಾಗಿ ತಿರುಗಿಸಬಲ್ಲದು. ಹೀಗೆ ಮತ್ತೆ ಮತ್ತೆ ತಿರುಗಿದ ತರಂಗ ಕೊನೆಗೆ ಬಿಡುಗಡೆಯಾಗುವುದು ತಾನು ಹುಟ್ಟಿದಲ್ಲಿಂದಲ್ಲ, ಬಹಳ ಮೇಲಿನಿಂದ. ಪರಿಣಾಮ ಮೂರು ವಿಧ: ಸ್ಫೋಟದ ಮೂಲ (ತರಂಗ ಹೊರಟ ಜಾಗ) ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ, ನಿಜಕ್ಕಿಂತ ಎತ್ತರದಲ್ಲಿ ಕಾಣುತ್ತದೆ, ಸ್ಫೋಟದ ಬಾಲ ಕಾಲದಲ್ಲಿ ಉದ್ದವಾಗುತ್ತದೆ. ಯುರೋಪಿನ ಲೋಫಾರ್ ರೇಡಿಯೊ ದೂರದರ್ಶಕದ ಅವಲೋಕನಗಳನ್ನು ಆಧರಿಸಿ ಕೊಂಟಾರ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಮೆಗಾಹರ್ಟ್ಸ್ ಸುಮಾರಿಗೆ ಸ್ಫೋಟದ ಮೂಲ ಸುಮಾರು 20 ಕಲೆಗಳಷ್ಟು (ಕೋನೀಯ ನಿಮಿಷ) ಅಗಲವಾಗಿ ಕಂಡಿತ್ತು. ಇಡೀ ಸೂರ್ಯಬಿಂಬದ ಅಗಲವೇ ಸುಮಾರು 32 ಕಲೆಗಳು. ಆ ಸ್ಫೋಟದ ಸೂಕ್ಷ್ಮ ರಚನೆಯ ಆವೃತ್ತಿಯ ಅಗಲದಿಂದ ಅಂದಾಜು ಮಾಡಿದ ನಿಜವಾದ ಮೂಲವಾದರೋ ಅದಕ್ಕಿಂತ ಬಹಳ ಚಿಕ್ಕದು. ಅಂದರೆ ಆಕಾರವನ್ನು ನಿರ್ಧರಿಸಿದ್ದು ಸ್ಫೋಟಕ್ಕಿಂತ ಹೆಚ್ಚಾಗಿ ಅದರ ದಾರಿ. ಒಂದೇ ಆವೃತ್ತಿಯಲ್ಲಿ ನೋಡಿದಾಗ, ಕೆಳಗಿನಿಂದ ಬರಬೇಕಾದ ಮೂಲ ತರಂಗವೂ ಮೇಲಿನಿಂದ ಬರಬೇಕಾದ ಇಮ್ಮಡಿ ತರಂಗವೂ ಬಹುತೇಕ ಒಂದೇ ಎತ್ತರದಿಂದ ಬಂದಂತೆ ತೋರುವ ಹಳೆಯ ಒಗಟಿಗೂ ಉತ್ತರ ಇಲ್ಲಿಯೇ ಇದೆ.

ಈ ಮೂರು ಪರಿಣಾಮಗಳಲ್ಲಿ ಮೊದಲೆರಡು ಕ್ಯಾಲಿಸ್ಟೋ ಕಡತದಲ್ಲಿ ಕಾಣುವುದೇ ಇಲ್ಲ. ಉಪಕರಣಕ್ಕೆ ದಿಕ್ಕಿನ ಅರಿವಿಲ್ಲ. ಸೂರ್ಯಬಿಂಬದ ಪೂರ್ವದಲ್ಲಿ ಸಿಡಿದದ್ದಕ್ಕೂ ಪಶ್ಚಿಮದಲ್ಲಿ ಸಿಡಿದದ್ದಕ್ಕೂ ಅದು ಒಂದೇ ಸಂಖ್ಯೆಯನ್ನು ಬರೆಯುತ್ತದೆ. ಚಿತ್ರಣವನ್ನು ನಿರೀಕ್ಷಿಸಿ ಬಂದವರು ನಿರಾಶರಾಗುತ್ತಾರೆ, ಆದರೆ ಅದು ಸೇವೆಯ ದೋಷವಲ್ಲ, ಉಪಕರಣದ ಸ್ವರೂಪ. ಮೂರನೆಯ ಪರಿಣಾಮ, ಅಂದರೆ ಉದ್ದವಾದ ಬಾಲ, ಮಾತ್ರ ಕಾಣುತ್ತದೆ. ಸ್ಪಷ್ಟವಾದ, ಒಂಟಿಯಾದ ಟೈಪ್ 3 ಒಂದನ್ನು ಆಯ್ದು ಒಂದೊಂದು ಆವೃತ್ತಿಯ ಸಾಲನ್ನು ಬೇರೆಯಾಗಿ ಚಿತ್ರಿಸಿದರೆ ತೀಕ್ಷ್ಣವಾದ ಏರಿಕೆ, ನಂತರ ನಿಧಾನವಾದ ಇಳಿಕೆ, ಮತ್ತು ಕಡಿಮೆ ಆವೃತ್ತಿಗೆ ಹೋದಂತೆ ಆ ಇಳಿಕೆ ಇನ್ನಷ್ಟು ಉದ್ದವಾಗುವುದು ಕಣ್ಣಿಗೆ ಕಾಣುತ್ತದೆ. ಒಂದು ಕಾಲದಲ್ಲಿ ಈ ಇಳಿಕೆಯನ್ನು ಎಲೆಕ್ಟ್ರಾನ್‌ಗಳ ಪರಸ್ಪರ ಘರ್ಷಣೆಯ ಫಲವೆಂದು ಬಗೆದು ಅದರಿಂದ ಕರೋನಾದ ಉಷ್ಣತೆಯನ್ನು ಲೆಕ್ಕ ಹಾಕುತ್ತಿದ್ದರು. ಈಗ ಅದರ ಬಹುಪಾಲನ್ನು ಚದುರಿಕೆಯ ಲೆಕ್ಕಕ್ಕೆ ಬರೆಯುತ್ತಾರೆ. 100 ಮೆಗಾಹರ್ಟ್ಸ್‌ಗಿಂತ ಮೇಲೆ ಕಾಲು ಸೆಕೆಂಡಿನ ಅಳತೆ ಈ ಕೆಲಸಕ್ಕೆ ಒರಟಾಗುತ್ತ ಬರುತ್ತದೆ. ಆವೃತ್ತಿ ಪರಿವರ್ತಕವನ್ನು ಜೋಡಿಸಿ 45ಕ್ಕಿಂತ ಕೆಳಗೂ ಅಳೆಯುವ ಕೆಲವು ನಿಲ್ದಾಣಗಳ ಕಡತಗಳು ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುತ್ತವೆ, ಮತ್ತು ನಾನು ಮೊದಲು ತೆರೆಯುವುದು ಅವನ್ನೇ.

ಹೀರಿಕೆಯ ಬಗ್ಗೆ ಸ್ವಲ್ಪವೇ ಹೇಳಿದರೆ ಸಾಕು. ದಟ್ಟವಾದ ಕೆಳಗಿನ ಕರೋನಾದಲ್ಲಿ, ಅಂದರೆ ಕೆಲವು ನೂರು ಮೆಗಾಹರ್ಟ್ಸ್‌ನಲ್ಲಿ ಹುಟ್ಟಿದ ಮೂಲ ತರಂಗ ಘರ್ಷಣೆಗಳಲ್ಲಿ ಹೆಚ್ಚು ನಷ್ಟವಾಗುತ್ತದೆ. ಆದ್ದರಿಂದ ಆ ಪಟ್ಟಿಯಲ್ಲಿ ಕಾಣುವ ಟೈಪ್ 3 ಗೆರೆ ಇಮ್ಮಡಿಯದಾಗಿರುವ ಸಂಭವ ಹೆಚ್ಚು. ಕಡತದ ಸಂಖ್ಯೆಗಳು ಬಹುತೇಕ ನಿಲ್ದಾಣಗಳಲ್ಲಿ ಸೌರ ಫ್ಲಕ್ಸ್ ಏಕಮಾನಕ್ಕೆ (ಸೂರ್ಯನ ರೇಡಿಯೊ ತೀವ್ರತೆಯ ನಿಗದಿತ ಅಳತೆಗೆ) ಹೊಂದಿಸಿದವಲ್ಲವಾದ್ದರಿಂದ ಈ ನಷ್ಟವನ್ನು ಅಳೆಯುವ ಆಸೆ ಇಟ್ಟುಕೊಳ್ಳಬಾರದು.

ಧ್ರುವೀಕರಣದಲ್ಲಿ, ಅಂದರೆ ತರಂಗ ಕಂಪಿಸುವ ದಿಕ್ಕನ್ನು ದಾಖಲಿಸುವುದರಲ್ಲಿ, ಇನ್ನೂ ಉತ್ತಮವಾಗಬಹುದಿತ್ತು ಎಂಬುದು ನನ್ನ ನಿಜವಾದ ಕೊರಗು. ಕರೋನಾದ ಕಾಂತಕ್ಷೇತ್ರ ತರಂಗವನ್ನು ವಿರುದ್ಧ ದಿಕ್ಕುಗಳಲ್ಲಿ ಸುತ್ತುವ ಎರಡು ವೃತ್ತೀಯ ಅಂಶಗಳಾಗಿ ಬೇರ್ಪಡಿಸುತ್ತದೆ, ಮತ್ತು ಎರಡೂ ಬೇರೆ ಬೇರೆ ಸೂಚ್ಯಂಕದೊಂದಿಗೆ ಸಾಗುತ್ತವೆ. ರೇಖೀಯ ಧ್ರುವೀಕರಣವಂತೂ, ಕಾಂತಕ್ಷೇತ್ರ ಕಂಪನದ ದಿಕ್ಕನ್ನು ತಿರುಗಿಸುವ ಫ್ಯಾರಡೆ ತಿರುವಿನಿಂದಾಗಿ ದಾರಿಯಲ್ಲೇ ಅಳಿಸಿಹೋಗುತ್ತದೆ. ಉಳಿದು ಬರುವುದು ವೃತ್ತೀಯವಾದದ್ದು ಮಾತ್ರ. ಟೈಪ್ 1 ಶಬ್ದ ಬಿರುಗಾಳಿಗಳು ಬಲವಾಗಿ ವೃತ್ತೀಯ ಧ್ರುವೀಕರಣ ಹೊಂದಿರುತ್ತವೆ, ಅದರ ಮೂಲಕ ಕಾಂತಕ್ಷೇತ್ರದ ಸುಳಿವು ಸಿಗುತ್ತದೆ. ಜಾಲದ ಬಹುಪಾಲು ನಿಲ್ದಾಣಗಳು ಒಂದೇ ರೇಖೀಯ ಆಂಟೆನಾದಿಂದ ಅಳೆಯುವುದರಿಂದ ಈ ಮಾಹಿತಿ ಕೈತಪ್ಪುತ್ತದೆ. ಎರಡು ರಿಸೀವರ್‌ಗಳನ್ನಿಟ್ಟು ಎಡ ಮತ್ತು ಬಲ ವೃತ್ತೀಯ ಅಂಶಗಳನ್ನು ಬೇರೆ ಬೇರೆಯಾಗಿ ದಾಖಲಿಸುವ ನಿಲ್ದಾಣಗಳೂ ಇವೆ. ಅಂಥವನ್ನು ಹುಡುಕಿ ತೆಗೆಯುವ ಶ್ರಮ ಸಾರ್ಥಕ.

ಸೇವೆಯ ಉಳಿದ ಭಾಗಗಳ ವಿಷಯ. ತಕ್ಷಣ ನೋಡಲು ಸಿದ್ಧ ಚಿತ್ರಗಳಿವೆ, ತಿಂಗಳುವಾರು ಸ್ಫೋಟಗಳ ಪಟ್ಟಿ ಇದೆ; ಪಟ್ಟಿಯಲ್ಲಿ ಸಮಯ, ಬಗೆ ಮತ್ತು ಯಾವ ಯಾವ ನಿಲ್ದಾಣಗಳು ಕಂಡವು ಎಂಬ ವಿವರ ಸಿಗುತ್ತದೆ. ಹಲವು ನಿಲ್ದಾಣಗಳು ಕಂಡಿರುವ ಸ್ಫೋಟವನ್ನೇ ಆಯ್ದುಕೊಳ್ಳುವುದು ಕ್ಷೇಮ, ಏಕೆಂದರೆ ಒಂದೇ ನಿಲ್ದಾಣದಲ್ಲಿ ಕಂಡ ಗೆರೆ ಮಿಂಚಿನದೋ ಯಾವುದೋ ಯಂತ್ರದ್ದೋ ಆಗಿರಬಹುದು. 88ರಿಂದ 108 ಮೆಗಾಹರ್ಟ್ಸ್‌ನ ಎಫ್‌ಎಂ ಪಟ್ಟಿ ಎಷ್ಟೋ ಕಡತಗಳಲ್ಲಿ ಅಡ್ಡ ಗೆರೆಗಳ ಗೋಡೆಯಾಗಿ ನಿಂತಿರುತ್ತದೆ. ಇಳಿದು ಬರುವ ಸ್ಫೋಟ ಅದರ ಹಿಂದೆ ಮರೆಯಾಗಿ ಕೆಳಗೆ ಮತ್ತೆ ಮೂಡುತ್ತದೆ. ಪೈಥಾನ್ ಬಲ್ಲವರಿಗೆ ಫಿಟ್ಸ್ ಕಡತ ತೆರೆಯುವುದು ಕೆಲವೇ ಸಾಲುಗಳ ಕೆಲಸ. ಆದರೆ ನಿಲ್ದಾಣವಾರು ಆಂಟೆನಾ, ಗಡಿಯಾರ, ಧ್ರುವೀಕರಣಗಳ ವಿವರ ಪ್ರತಿ ಕಡತದ ಜೊತೆಗೇ ಒಂದೇ ರೀತಿಯಲ್ಲಿ ಬಂದಿದ್ದರೆ ಹೊಸಬರಿಗೆ ದೊಡ್ಡ ಉಪಕಾರವಾಗುತ್ತಿತ್ತು.

ಸುಮಾರು 10 ಮೆಗಾಹರ್ಟ್ಸ್‌ಗಿಂತ ಕೆಳಗಿನ ತರಂಗಗಳನ್ನು ಭೂಮಿಯ ಅಯಾನುಗೋಳ ಹಿಂದಕ್ಕೆ ತಿರುಗಿಸುತ್ತದೆ. ಕರೋನಾದಲ್ಲಿ ನಡೆಯುವ ಅದೇ ಭೌತವಿಜ್ಞಾನ ಇಲ್ಲಿ ನಮ್ಮ ತಲೆಯ ಮೇಲೆ ನಡೆಯುತ್ತದೆ. ಅಲ್ಲಿಂದ ಕೆಳಗಿನ ಕಥೆಗೆ ಬಾಹ್ಯಾಕಾಶ ನೌಕೆಗಳೇ ಬೇಕು: 1994ರಲ್ಲಿ ಹಾರಿದ ವಿಂಡ್, 2006ರ ಸ್ಟೀರಿಯೊ, 2018ರ ಪಾರ್ಕರ್ ಸೋಲಾರ್ ಪ್ರೋಬ್, 2020ರ ಸೋಲಾರ್ ಆರ್ಬಿಟರ್. ಇವುಗಳ ರೇಡಿಯೊ ದತ್ತಾಂಶವೂ ಮುಕ್ತವಾಗಿ ದೊರೆಯುತ್ತದೆ. ಒಳ್ಳೆಯ ಟೈಪ್ 3 ಒಂದರ ಕ್ಯಾಲಿಸ್ಟೋ ಚಿತ್ರದ ಕೆಳಗೆ ಅದೇ ಹೊತ್ತಿನ ವಿಂಡ್ ಚಿತ್ರವನ್ನು ಜೋಡಿಸಿದರೆ, ಸೆಕೆಂಡುಗಳಲ್ಲಿ ಇಳಿದ ಗೆರೆ ಮುಂದೆ ಬಾಗಿ, ಹಿಗ್ಗಿ, ಅರ್ಧ ಗಂಟೆಗೂ ಮೀರಿ ಸಾಗಿ ಭೂಮಿಯ ಸುತ್ತಲಿನ ಸೌರ ಮಾರುತದ ಪ್ಲಾಸ್ಮಾ ಆವೃತ್ತಿಯಾದ 20-30 ಕಿಲೋಹರ್ಟ್ಸ್‌ನತ್ತ ತಲುಪುವುದನ್ನು ಕಾಣಬಹುದು. ಹಾಗೆ ಜೋಡಿಸುವಾಗ ಒಂದು ಸಂಗತಿ ನೆನಪಿರಲಿ: ವಿಂಡ್ ನೌಕೆ ಭೂಮಿಗಿಂತ ಸುಮಾರು 15 ಲಕ್ಷ ಕಿ.ಮೀ. ಸೂರ್ಯನ ಕಡೆಗಿದೆ, ಆದ್ದರಿಂದ ತರಂಗ ಅಲ್ಲಿಗೆ ಐದು ಸೆಕೆಂಡು ಮೊದಲೇ ಮುಟ್ಟುತ್ತದೆ. ಕ್ಯಾಲಿಸ್ಟೋ ಕಡತದ ಅಳತೆಯಲ್ಲಿ ಅದು 20 ಕಾಲಬಿಂದುಗಳ ವ್ಯತ್ಯಾಸ. ಎರಡು ಚಿತ್ರಗಳನ್ನು ಒಂದರ ಕೆಳಗೊಂದು ಇಡುವ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.